ಅಯ್ಯೋ ಎನ್ನಬಾರದ ಹಾಡು

ಐವತ್ತು ವರ್ಷಕ್ಕೂ ಹಳೆಯದಾದ ಒಂದು ಅಮೆರಿಕನ್ ಸೋಲ್ ಹಾಡನ್ನು ಜನ ಹೇಗೆಲ್ಲ ಕೆಡಿಸಿದ್ದಾರೆ ಎಂದು ನನ್ನನ್ನು ಕೇಳಬೇಡಿ. ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಕೆಟ್ಟ ಗಾಳಿ, ಕೆಟ್ಟ ನೀರು ನೋಡಿ ಒಬ್ಬ ಮನುಷ್ಯ ಸಂಕಟಪಟ್ಟು ಹಾಡಿದ್ದು ಅದು. ರಾಗ ಸಿಹಿಯಾಗಿತ್ತು, ಅದೇ ಮುಳುವಾಯಿತು. ಒಬ್ಬ ಸ್ಯಾಕ್ಸೋಫೋನಿಗೆ ಹಾಕಿ ಮಾತನ್ನೇ ತೆಗೆದುಬಿಟ್ಟ. ಇನ್ನೊಬ್ಬಳು ಪ್ರೇಮಗೀತೆಯ ಹಾಗೆ ಪಿಸುಗುಟ್ಟಿದಳು. ಇಲ್ಲಿ ಸಿಂಗಪುರದ ಉಬಿಯಲ್ಲಿ ನಮ್ಮ ಆಫೀಸಿನ ಕೆಳಗಿನ ಕಾಫಿ ಅಂಗಡಿಯಲ್ಲಿ ಡ್ರಮ್ ಮೆಷಿನ್ ಸೇರಿಸಿದ ಮತ್ತೊಂದು ಬರುತ್ತದೆ. ಅದಕ್ಕೆ ತಲೆಯಾಡಿಸುತ್ತ ಜನ ಪ್ಲಾಸ್ಟಿಕ್ ಲೋಟ, ಅದಕ್ಕೊಂದು ಮುಚ್ಚಳ, ಅದಕ್ಕೊಂದು ಸ್ಟ್ರಾ, ಎಲ್ಲ ಸೇರಿಸಿ ಒಂದು ಚೀಲ ಹಿಡಿದು ಹೋಗುತ್ತಾರೆ. ನೋಡಿದರೆ ಮೈ ಉರಿಯುತ್ತದೆ. ನಾನೂ ಹಾಗೇ ಹಿಡಿದು ಹೋಗುತ್ತೇನೆ, ಅದು ಬೇರೆ ಮಾತು.

ಈ ಹಾಡನ್ನು ನನಗೆ ಕೇಳಿಸಿದವಳು ಆಗ ಹದಿಮೂರು ವರ್ಷದವಳಾಗಿದ್ದ ನನ್ನ ಮಗಳು. ಆ ವರ್ಷ ಸುಮಾತ್ರಾ ಕಡೆಯಿಂದ ಕಾಡಿನ ಬೆಂಕಿಯ ಹೊಗೆ ಬಂದು, ಬೆಡೋಕ್‌ನ ನಮ್ಮ ಫ್ಲಾಟಿನ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಕೂತಿದ್ದೆವು. ಅವಳಿಗೆ ಉಬ್ಬಸ. ಇನ್ಹೇಲರ್ ಪಕ್ಕಕ್ಕಿಟ್ಟುಕೊಂಡು ಆ ಒಂದೇ ಹಾಡನ್ನು ಬೇರೆ ಬೇರೆಯವರ ದನಿಯಲ್ಲಿ ಒಂದಾದ ಮೇಲೊಂದು ಕೇಳುತ್ತಿದ್ದಳು.

"ಫಸ್ಟ್ ಹಾಡಿದ ಅಂಕಲ್ ಒಬ್ರಿಗೇ ಅಮ್ಮ ನಿಜವಾಗ್ಲೂ ಬೇಜಾರಾಗಿರೋದು. ಮಿಕ್ಕಿದವ್ರೆಲ್ಲ ಚಿಲ್ ಮಾಡ್ತಿದಾರೆ," ಎಂದಳು. ಆಮೇಲೆ, "ಇದನ್ನ ಕನ್ನಡದಲ್ಲಿ ಮಾಡೋಣ್ವಾ?"

ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ! ನಾನು ಲಟ್ಟಣಿಗೆಯನ್ನು ಅಲ್ಲೇ ಬಿಟ್ಟು ಓಡಿ ಬಂದೆ. ಕನ್ನಡದ ಹತ್ತು ಮನೆಯವರು ಸೇರಿ ಪಾಸಿರ್ ರಿಸ್‌ನ ಒಂದು ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ರಾಜ್ಯೋತ್ಸವ ಮಾಡುತ್ತೇವೆ. ಅಲ್ಲಿ ಮಕ್ಕಳಿಂದ ಹಾಡಿಸೋಣ ಎಂದುಕೊಂಡೆವು.

ಪಲ್ಲವಿಯಲ್ಲೊಂದು ನಿಟ್ಟುಸಿರಿನಂಥ ಕೂಗಿದೆ. ಅದಕ್ಕೆ ನಾನು 'ಕರುಣೆ ತೋರೋ' ಎಂದು ಬರೆದೆ.

"ದೇವಸ್ಥಾನದ ಹಾಡಾಯ್ತು ಲಾ," ಎಂದಳು ಮಗಳು, ಇಲ್ಲಿನವರ ಹಾಗೆ ಕೊನೆಗೊಂದು ಲಾ ಸೇರಿಸಿ. "ಸುಮ್ನೆ ಅಯ್ಯೋ ಅಂತ ಹಾಕು. ಆದ್ರೆ ಅದು ಸಿಂಗ್ಲಿಷ್ ಅಲ್ವಾ?"

ಸಿಂಗ್ಲಿಷ್ ಎಂದರೆ ಇಲ್ಲಿನವರ ಬೆರಕೆ ಇಂಗ್ಲಿಷ್. ಅದರಲ್ಲಿ ಚೀನೀ ಆಂಟಿಯರೂ ಅಯ್ಯೋ ಅನ್ನುತ್ತಾರೆ, ಮಲಯ್ ಅಂಕಲ್‌ಗಳೂ ಅನ್ನುತ್ತಾರೆ. ಅದನ್ನು ಅವಳು ಶಾಲೆಯಲ್ಲೇ ಕಲಿತದ್ದು ಎಂದುಕೊಂಡಿದ್ದಳು. "ನಮ್ಮದೂ ಹೌದು ಕಣೇ, ನಿಮ್ಮಜ್ಜಿ ದಿನಕ್ಕೆ ನೂರು ಸಲ ಅಂತಾರೆ," ಎಂದೆ. ಅವಳ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒತ್ತಕ್ಷರ ಹೇಳಿಸಿಕೊಂಡು ಹಾಳೆಯ ತುಂಬ ಅಯ್ಯೋ ಎಂದು ತಾನೇ ಬರೆದಳು. ನಾಲ್ಕು ದಿನ ಕೂತು ಇಬ್ಬರೂ ಹಾಡು ಮುಗಿಸಿದೆವು. ಅಷ್ಟು ಖುಷಿ ನಮ್ಮಿಬ್ಬರ ನಡುವೆ ಬಹಳ ದಿನದಿಂದ ಇರಲಿಲ್ಲ.

ಮೊದಲ ಪ್ರಾಕ್ಟೀಸಿನ ದಿನ ಅವಳಿಗೆ ಟ್ಯೂಷನ್ ಇತ್ತು, ನಾನೊಬ್ಬಳೇ ಹೋದೆ. ಕಾರ್ಯಕ್ರಮದ ಹೊಣೆ ಹೊತ್ತ ಹಿರಿಯರೊಬ್ಬರು ಹೊಗೆಗೆ ಹಾಕಿದ ಮಾಸ್ಕನ್ನು ಗಲ್ಲಕ್ಕಿಳಿಸಿಕೊಂಡು ಹಾಳೆ ಓದಿದರು.

"ಏನಮ್ಮ ಇದು, ದೀಪ ಹಚ್ಚಿದ ಮೇಲೆ ಮಕ್ಕಳ ಬಾಯಲ್ಲಿ ಅಯ್ಯೋ ಅನ್ನಿಸ್ತೀರಾ? ಅಶುಭ."

"ಸರ್, ಇದು ಸಂಕಟದ ಹಾಡು."

"ಸಂಕಟ ಯಾಕೆ? ಪಾಸಿಟಿವ್ ಆಗಿ ಹೇಳಿ. ಆಹಾ ಅಂತ ಹಾಕಿ, ಎಲ್ಲಾ ಸರಿಹೋಗುತ್ತೆ."

ಹೊರಗೆ ಹೊಗೆಯಲ್ಲಿ ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ. ಒಳಗೆ ಆಹಾ ಅನ್ನಬೇಕಂತೆ! ಜಗಳಕ್ಕೇ ಬಾಯಿ ತೆರೆದೆ. ಅಷ್ಟರಲ್ಲಿ, ನನ್ನ ದುರ್ಬುದ್ಧಿ, ಬೆರಳು ಮಡಿಸಿ ಎಣಿಸಿ ನೋಡಿದೆ. ಅಯ್ಯೋ, ನಾಲ್ಕು ಮಾತ್ರೆ. ಆಹಾ, ನಾಲ್ಕು ಮಾತ್ರೆ. ತಾಳಕ್ಕೆ ಕರಾರುವಾಕ್ಕಾಗಿ ಕೂತಿತು. "ಸರಿ ಸರ್," ಎಂದುಬಿಟ್ಟೆ.

ಮನೆಗೆ ಬಂದು ಹೇಳಿದಾಗ ಮಗಳು ಜಗಳ ಮಾಡಲಿಲ್ಲ. "ಓಕೆ," ಎಂದಳು. ಜಗಳ ಮಾಡಿದ್ದರೆ ಚೆನ್ನಾಗಿತ್ತು.

ಕಾರ್ಯಕ್ರಮದ ಸಂಜೆ ಆರು ಮಕ್ಕಳು ಹಸಿರು ಶಾಲು ಹೊದ್ದು ನಿಂತರು. ಹಾಡಿನ ಓಟವನ್ನು ಯಾರೋ ಹೆಚ್ಚಿಸಿದ್ದರು. ಆಹಾ ಬಂದಾಗಲೆಲ್ಲ ಸಭೆ ಚಪ್ಪಾಳೆ ತಟ್ಟಿತು. ನಾನು ಮುಂದಿನ ಸಾಲಿನಲ್ಲಿದ್ದೆ. ಮಿಕ್ಕ ಸಾಲುಗಳನ್ನೆಲ್ಲ ನನ್ನ ಮಗಳು ಸ್ಪಷ್ಟವಾಗಿ ಹಾಡಿದಳು. ಆ ಒಂದು ಪದ ಬಂದಾಗ ಮಾತ್ರ ಪ್ರತಿ ಸಲವೂ ತುಟಿ ಬಿಗಿದು ನಿಂತಳು. ಹಿರಿಯರು ನನ್ನ ಕಡೆ ತಿರುಗಿ ಹೆಬ್ಬೆರಳೆತ್ತಿ ತೋರಿಸಿದರು. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ಸಿಟ್ಟನ್ನೆಲ್ಲ ಅವಳ ಮುಂದೆ ಕಾರಿಕೊಂಡೆ. ಅಂಕಲ್ ಹಾಳುಮಾಡಿದರು, ಅಂಕಲ್‌ಗೆ ಹಾಡಿನ ಗಂಧಗಾಳಿಯಿಲ್ಲ, ಅಂಕಲ್ ಹಾಗೆ, ಅಂಕಲ್ ಹೀಗೆ. ಅವಳು ಕಿಟಕಿಯಾಚೆ ನೋಡುತ್ತ ಎಲ್ಲ ಕೇಳಿಸಿಕೊಂಡಳು.

"ಅಂಕಲ್ ಜೊತೆ ನಾನು ಬರೀಲಿಲ್ಲ ಅಮ್ಮ," ಎಂದಳು. "ನಿನ್ನ ಜೊತೆ ಬರೆದೆ."