ಚುನ್ನಟಿನ ಪುರ್ಜಾ

ಸಪಾಟಾದ ಬಟ್ಟೆ ಕಂಡರೆ ನನಗೆ ಈಗಲೂ ಕೈ ತುರಿಸುತ್ತದೆ. ಕಿಟಕಿಯ ಪರದೆಯಾಗಲಿ, ಮಂಚದ ಹಾಸಿಗೆಯಾಗಲಿ, ಇದಕ್ಕಿಷ್ಟು ನೆರಿಗೆ ಹಿಡಿದಿದ್ದರೆ ಎಷ್ಟು ಚೆಂದವಿತ್ತು ಎಂದು ಜೀವ ಚಡಪಡಿಸುತ್ತದೆ. ಈ ಹುಚ್ಚು ಹತ್ತಿದ್ದು ನಿಜಾಮರ ಕಾಲದಲ್ಲಿ, ನಾನು ಕಲ್ಯಾಣದ ಸೊಸೆಯಾಗಿದ್ದಾಗ. ಸಾಲಿ ಮಾಸ್ತರರಾಗಿದ್ದ ನಮ್ಮ ಯಜಮಾನರು ಹೈದರಾಬಾದಿನಿಂದ ನನ್ನ ಹೊಲಿಗೆ ಯಂತ್ರಕ್ಕೊಂದು ಚುನ್ನಟಿನ ಪುರ್ಜಾ ತಂದರು. ಅದನ್ನು ಸೂಜಿಯ ಬುಡಕ್ಕೆ ಸಿಕ್ಕಿಸಿ ಹಿಡಿಕೆ ತಿರುಗಿಸಿದರೆ ಬಟ್ಟೆಗೆ ನೆರಿಗೆ ತಾನಾಗಿ ಬೀಳಬೇಕು.

ಬೀಳಲಿಲ್ಲ. ಜೊತೆಗಿದ್ದ ಕಾಗದ ಇಂಗ್ಲಿಷಿನಲ್ಲಿತ್ತು. ಅವರಿಗೆ ಉರ್ದು ಬರುತ್ತಿತ್ತು, ನನಗೆ ಕನ್ನಡ. ಪುರ್ಜಾಕ್ಕೆ ಎರಡೂ ಬರುತ್ತಿರಲಿಲ್ಲ. ಸೂಜಿಗಳು ಮುರಿದವು, ದಾರ ಗಂಟುಗಟ್ಟಿತು. ಒಂದು ಮಧ್ಯಾಹ್ನ ಅದು ಹೇಗೋ ಸರಿಯಾಗಿ ಕೂತು ಟಕಟಕನೆ ನೆರಿಗೆ ಉದುರಿಸತೊಡಗಿತು ನೋಡಿ, ನಾನು ಎದ್ದು ಕುಣಿದೆ. ಸುಳ್ಳಲ್ಲ, ಅತ್ತೆಯವರ ಎದುರಿಗೇ ಕುಣಿದೆ. ತಲೆದಿಂಬು, ಕೈಚೀಲ, ರೊಟ್ಟಿ ಕಟ್ಟುವ ವಸ್ತ್ರ, ಯಾವುದನ್ನೂ ಬಿಡಲಿಲ್ಲ.

“ನನ್ನ ಅಂಗಿಗಿ ಕೈ ಹಚ್ಚಬ್ಯಾಡ ನೋಡು, ಸಾಲಿ ಹುಡುಗರು ನಗ್ತಾರ,” ಎಂದು ಯಜಮಾನರು ಅಂಗಿಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದರು.

ಅಷ್ಟರಲ್ಲಿ ಹುಮನಾಬಾದಿನಿಂದ ಕರೆ ಬಂತು. ಅದು ತಮ್ಮನ ಹೆಂಡತಿಯ ತವರು. ಅವಳ ಚೊಚ್ಚಲ ಕೂಸನ್ನು ತೊಟ್ಟಿಲಿಗೆ ಹಾಕುವವರಿದ್ದರು. ಸೋದರತ್ತೆಯಾದ ನಾನು ತಲೆಯಿಂದ ಬೆನ್ನಿಗೆ ಇಳಿಯುವ ಕುಂಚಿಗೆ ತೊಡಿಸಿ ಕಿವಿಯಲ್ಲಿ ಹೆಸರು ಕೂಗಬೇಕು. ನನ್ನ ಮಡಿಲು ಇನ್ನೂ ತುಂಬಿರಲಿಲ್ಲ, ಹೀಗಾಗಿ ಈ ಒಂದು ಹಕ್ಕಿನ ಮೇಲೆ ನನಗೆ ಪ್ರಾಣ. ‘ಅಂಗಡಿಯಲ್ಲಿ ಸಿಗದಂಥ ಕುಂಚಿಗೆ ತರುತ್ತೇನೆ’ ಎಂದು ತಮ್ಮನ ಅತ್ತೆಗೆ, ಅಂದರೆ ನಮ್ಮ ಬೀಗಿತ್ತಿಗೆ, ಹೇಳಿಯೂ ಕಳಿಸಿದ್ದೆ. ಗೇಣು ಹಾಕಿ ಅಳೆದೆ, ಕತ್ತರಿಸಿದೆ, ಆಮೇಲೆ ಮೇಲಿಂದ ಕೆಳಗಿನವರೆಗೆ ನೆರಿಗೆಯೋ ನೆರಿಗೆ. ಕೂಸಿಲ್ಲದ ಮನೆ, ಮಡಚಿದ ಮೊಣಕಾಲಿಗೇ ತೊಡಿಸಿ ನೋಡಿದೆ. ಮೊಣಕಾಲು ಎಷ್ಟು ಮುದ್ದಾಗಿ ಕಂಡಿತೆಂದರೆ ದೃಷ್ಟಿ ತೆಗೆದೆ.

ಮೊಳಗಟ್ಟಲೆ ಸೀರೆಯನ್ನು ನೆರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸುವ ಹೆಂಗಸಿಗೆ ನೆರಿಗೆ ಬಟ್ಟೆಯನ್ನು ನುಂಗುತ್ತದೆಂದು ಯಾರಾದರೂ ಹೇಳಿಕೊಡಬೇಕೆ? ಸೀರೆ ಉಡುವಾಗಿನ ಬುದ್ಧಿ ಯಂತ್ರದ ಮುಂದೆ ಕೂತಾಗ ಎಲ್ಲಿ ಹೋಗಿತ್ತೋ! ನೆರಿಗೆ ನಲುಗಬಾರದೆಂದು ಕುಂಚಿಗೆಯನ್ನು ನನ್ನದೊಂದು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮೋಟಾರು ಹತ್ತಿದೆ.

ಹುಮನಾಬಾದಿನಲ್ಲಿ ನೆರೆದಿದ್ದ ಹೆಂಗಸರ ನಡುವೆ ಗಂಟು ಬಿಚ್ಚಿ ಕೂಸಿಗೆ ತೊಡಿಸಹೋದರೆ ಕುಂಚಿಗೆ ನೆತ್ತಿಯ ಮೇಲೆಯೇ ನಿಂತುಬಿಟ್ಟಿತು. ಕೂಸು ಕಿರುಚಿತು. ನಾನೂ ಸೆರಗಿನಿಂದ ಕಣ್ಣೊರೆಸಿಕೊಂಡೆ. ಬೀಗಿತ್ತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ನಮ್ಮಲ್ಲಿ ಕೂಸಿಗಿಂತ ಮೊದಲು ಅರೆಯುವ ಗುಂಡುಕಲ್ಲನ್ನು ಸಿಂಗರಿಸಿ ತೊಟ್ಟಿಲಿಗೆ ಹಾಕುವ ಪದ್ಧತಿ. ಕೂಸು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ಬೀಗಿತ್ತಿ ಕುಂಚಿಗೆಯನ್ನು ಆ ಗುಂಡಪ್ಪನಿಗೆ ತೊಡಿಸಿದರು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

“ಯಾಕ ಅಳಾಕತ್ತೀರಿ? ಗುಂಡಪ್ಪಗ ಇಷ್ಟು ಚಂದ ಯಾರ್ ಹೊಲಿಸ್ಯಾರ?” ಎಂದು ಅವರು ಹಳೆಯ ಸೀರೆಯನ್ನು ನನ್ನ ಕೈಗಿಟ್ಟರು. “ಕೂಸಿಗಿ ಇದನ್ನ ಸುತ್ರಿ. ಸೋದರತ್ತಿ ಸೀರಿ, ಮೆತ್ತಗದ.”

ಸುತ್ತಿದೆ. ಕೂಸು ಸುಮ್ಮನಾಯಿತು. ಕಿವಿಯಲ್ಲಿ ಹೆಸರು ಕೂಗಿದೆ, ಬೇಕಿದ್ದಕ್ಕಿಂತ ಜೋರಾಗಿಯೇ.

ಮುಂದೆ ನನಗೂ ಕೂಸಾಯಿತು. ಬೀಗಿತ್ತಿ ಆ ಕುಂಚಿಗೆಯನ್ನು ಮಡಿಸಿ ಕಳಿಸಿಕೊಟ್ಟರು. ಅಂದಿನಿಂದ ಎರಡೂ ಮನೆಗಳ ಪ್ರತಿ ತೊಟ್ಟಿಲಿಗೂ ಅದೇ ಹೋಗಿಬರುತ್ತದೆ. ಕೂಸುಗಳಿಗೆ ಹೊಲಿದದ್ದೆಲ್ಲ ವರ್ಷದೊಳಗೆ ಗಿಡ್ಡವಾಯಿತು. ಗುಂಡಪ್ಪ ಮಾತ್ರ ಪುಣ್ಯಾತ್ಮ, ಇನ್ನೂ ಬೆಳೆದಿಲ್ಲ.