ಕಡಲ ದಾರಿಯಲ್ಲಿ ಗಾಡಿ ತಿರುಗಿಸಿದ ಅತ್ತೆ

ಅತ್ತೆ ಪ್ರೀತಿಯಿಂದ ಕೆನ್ನೆ ಸವರಿದರೆ ನನಗೆ ಉರಿಯುತ್ತಿತ್ತು. ಅಷ್ಟು ಒರಟು ಅವಳ ಅಂಗೈ. ಅಪ್ಪನ ಅಕ್ಕ ಅವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಾಗಡಿ ಹತ್ತಿರದ ಕಲ್ಯದಲ್ಲಿ ಹೊಲ ಮಾಡಿಸುತ್ತಿದ್ದಳು. ಆಳು ಬಾರದ ದಿನ ತಾನೇ ಎತ್ತು ಹೂಡುತ್ತಿದ್ದಳು. ಯಾರಾದರೂ ಆಗುವುದಿಲ್ಲ ಎಂದರೆ, "ಒಂದ್ಕಿತ ನೋಡ್ಬುಡಾನ" ಎಂದು ಸೆರಗು ಸಿಕ್ಕಿಸುವುದು ಅವಳ ರೂಢಿ.

ಅಪ್ಪ ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ಮೇಷ್ಟರಾಗಿದ್ದರು. ಒಂದು ವರ್ಷ ಕ್ರಿಸ್ಮಸ್ ರಜೆಗೆ ಅತ್ತೆ ಹಟ ಹಿಡಿದು ನಮ್ಮನ್ನೆಲ್ಲ ಹೊರಡಿಸಿದಳು. ಸಮುದ್ರ ನೋಡಬೇಕು, ವರ್ಷಕ್ಕೊಮ್ಮೆ ಬರುವ ಆರಿದ್ರಾ ದರ್ಶನದ ದಿನ ವೇದಾರಣ್ಯದ ಶಿವನ ಮುಂದೆ ನಿಲ್ಲಬೇಕು. ಗಂಡ ಬದುಕಿದ್ದಾಗ ಇಬ್ಬರೂ ಅಂದುಕೊಂಡಿದ್ದ ಯಾತ್ರೆ ಅದು.

ನಾಗಪಟ್ಟಣದವರೆಗೆ ರೈಲು, ಅಲ್ಲಿಂದ ಕಡಲ ಪಕ್ಕದ ದಾರಿಯಲ್ಲಿ ಕಮಾನುಗಾಡಿ. ಅದೇ ನಮ್ಮ ಮನೆ. ಅದರೊಳಗೆ ಮಲಗುವುದು, ತೋಪು ಕಂಡಲ್ಲಿ ಇಳಿದು ಅನ್ನ ಬೇಯಿಸುವುದು. ಸಮುದ್ರ ಮೊದಲು ಕಂಡಾಗ ಅತ್ತೆ ನೀರಿಗಿಳಿದು ಒಂದು ಬೊಗಸೆ ಬಾಯಿಗೆ ಹಾಕಿ ಉಗುಳಿದಳು. ಆಮೇಲೆ, "ಇಷ್ಟು ನೀರಿದ್ದೂ ಒಂದು ಪೈರು ಬೆಳೆಯೋಕಾಗಲ್ವಲ್ಲ" ಎಂದಳು.

ಗಾಡಿಯವನು ದಾರಿಯಲ್ಲಿ ನಾವು ದಾಟಿ ಬಂದ ವೇಳಾಂಕಣ್ಣಿಯ ಕ್ರೈಸ್ತ. ನಮ್ಮನ್ನು ತಲುಪಿಸಿ ಹಬ್ಬಕ್ಕೆ ಮನೆ ಸೇರುವ ಆತುರ ಅವನಿಗೆ. ವೇದಾರಣ್ಯ ಅರ್ಧ ದಿನದ ದಾರಿ ಇರುವಾಗ ಜ್ವರ ನೆತ್ತಿಗೇರಿ ಕುಸಿದುಬಿಟ್ಟ.

"ಇಲ್ಲೇ ಯಾವುದಾದ್ರೂ ಛತ್ರದಲ್ಲಿ ಬಿಟ್ಟು, ಬೇರೆ ಗಾಡಿ ಮಾಡ್ಕೊಂಡು ಹೋಗೋಣ ಅಕ್ಕ. ನಾಳೇನೇ ಆರಿದ್ರಾ" ಎಂದರು ಅಪ್ಪ.

"ಗುರ್ತಿಲ್ದವ್ರ ಜಗ್ಲಿ ಮ್ಯಾಲೆ ಇವ್ನು ಸತ್ರೆ? ಇವ್ನ ಮನೆಗೆ ತಿರುಗುಸ್ತೀನಿ ಕಣಪ್ಪ."

"ನೀನು ಗಾಡಿ ಹೊಡೀತೀಯಾ? ಜನ ನೋಡ್ತಾರಕ್ಕ."

"ನೋಡ್ಲಿ ಬುಡು. ನೋಡಿದ್ರೆ ಎತ್ತು ಕುಂಟ್ತವಾ?"

ಅತ್ತೆ ಹಗ್ಗ ಹಿಡಿದು ಮುಂದೆ ಕೂತಳು. ಅಮ್ಮ ಅವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಲೇ ಇದ್ದಳು. ಹೆಂಗಸು ಗಾಡಿ ಹೊಡೆಯುವುದನ್ನು ಕಂಡು ಬೆಸ್ತರು ಬಲೆ ಬಿಟ್ಟು ಎದ್ದು ನಿಂತರು. ಒಂದೆಡೆ ಚಕ್ರ ಮರಳಲ್ಲಿ ಹೂತಿತು. ಅತ್ತೆ ಇಳಿದು ಹೆಗಲು ಕೊಟ್ಟಳು. ಅಪ್ಪ ಸುತ್ತ ನೋಡಿದರು. ಕಡೆಗೆ ಕೋಟು, ಪೇಟ ತೆಗೆದು ನನ್ನ ಕೈಗಿತ್ತು ಅವಳ ಪಕ್ಕ ನಿಂತರು. ಚಕ್ರ ಮೇಲೆ ಬಂದಾಗ ಅತ್ತೆ ಒಂದೇ ಸಲ ದಕ್ಷಿಣಕ್ಕೆ, ವೇದಾರಣ್ಯದ ಕಡೆಗೆ, ತಿರುಗಿ ನೋಡಿದಳು.

ಸಂಜೆ ಇಗರ್ಜಿಯ ಗಂಟೆ ಕೇಳಿಸಿತು. ಹೊಸ ಬಟ್ಟೆ ಉಟ್ಟ ಜನರ ನಡುವೆ ದಾರಿ ಕೇಳುತ್ತಾ ಅವನ ಗುಡಿಸಲಿಗೆ ಗಾಡಿ ಒಯ್ದಳು. ಅವನ ಹೆಂಡತಿ ಕಿರುಚಿಕೊಂಡು ಓಡಿ ಬಂದಳು. ಜ್ವರ ಇಳಿದು ಅವನು ಎದ್ದು ಕೂತು ಗಂಜಿ ಕುಡಿಯುವವರೆಗೂ ಅತ್ತೆ ಅಲ್ಲಿಂದ ಕದಲಲಿಲ್ಲ. ಅಷ್ಟರಲ್ಲಿ ಅಪ್ಪನ ರಜೆ ಮುಗಿದಿತ್ತು.

ರೈಲಿನಲ್ಲಿ ಅಪ್ಪ ಮೆಲ್ಲಗೆ, "ದರ್ಶನ ಆಗ್ಲೇ ಇಲ್ವಲ್ಲ ಅಕ್ಕ" ಎಂದರು.

"ಆಗ್ಲಿಲ್ಲ" ಎಂದು ಅತ್ತೆ ಕಣ್ಣೊರೆಸಿಕೊಂಡಳು. "ಆದ್ರೂ ತಿರುಗುಸ್ಲೇಬೇಕಿತ್ತು."

ಮತ್ತೆ ಆ ಕಡೆ ಹೋಗಲು ಅವಳಿಗೆ ಆಗಲೇ ಇಲ್ಲ.

ಮುಂದೆ ನಾನು ಬೆಂಗಳೂರಿಗೆ ಹೋಗಿ ಸೂಲಗಿತ್ತಿ ಕೆಲಸ ಕಲಿಯುತ್ತೇನೆಂದಾಗ ಅಪ್ಪ ಒಪ್ಪಲಿಲ್ಲ. ಅತ್ತೆ ಕಲ್ಯದಿಂದ ಬಂದು, ಅವರು ಹೂಂ ಅನ್ನುವವರೆಗೆ ನಮ್ಮ ಮನೆಯಲ್ಲಿ ಊಟದೆಲೆಯ ಮುಂದೆ ಕೂರಲಿಲ್ಲ. ಆ ಹಟದಿಂದಲೇ ನನ್ನ ಬದುಕು ನಡೆಯಿತು.

ಅತ್ತೆಗೆ ಕಾಯಿಲೆ ಬಹಳ ಜೋರಾಗಿದೆಯೆಂದು ಸುದ್ದಿ ಬಂದಾಗ ನಾನು ಸಾತನೂರಿನಲ್ಲಿ ಒಂದು ಕಷ್ಟದ ಹೆರಿಗೆ ನೋಡುತ್ತಿದ್ದೆ. ಮಗು ಅತ್ತ ಮೇಲೆ ಹೊರಟೆ. ಕಲ್ಯ ಸೇರುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿ ಬಂದಿದ್ದರು.

"ಒಸಿ ಮುಂಚೆ ಬರಬಾರ್ದಿತ್ತಾ ಕಣವ್ವ" ಎಂದರು ಯಾರೋ.

ಹೆರಿಗೆ ನಡುವೆ ಬಿಟ್ಟು ಬರುವಂತಿರಲಿಲ್ಲ. ಹಾಗೆ ನಿಲ್ಲುವುದನ್ನು ಕಲಿಸಿದವಳೇ ಅವಳು.