ನರ್ಸಬಾಯಿ ಬಿಟ್ಟುಕೊಟ್ಟ ಪ್ಯಾದೆ

ನಮ್ಮ ಪಕ್ಕದ ಮನೆಯ ನರ್ಸಬಾಯಿ ಗಂಡಸರ ದಪ್ಪ ಗಡಿಯಾರವನ್ನು ಅಂಗೈ ಕಡೆಗೆ ತಿರುಗಿಸಿ ಕಟ್ಟುತ್ತಿದ್ದರು. ನಾಡಿ ನೋಡುವಾಗಲೂ ಕಣ್ಣು ಅದರ ಮೇಲೆ, ಚದುರಂಗದ ಮುಂದೆ ಕೂತಾಗಲೂ ಅದರ ಮೇಲೆ. ಚಿಕ್ಕೋಡಿಯ ಎಷ್ಟೋ ಮಕ್ಕಳು ಅವರ ಕೈಯಲ್ಲೇ ಹುಟ್ಟಿದ್ದವು. ಡ್ಯೂಟಿ ಮುಗಿಸಿ ಬಂದು ಕಟ್ಟೆಯ ಮೇಲೆ ನನಗೆ ಆಟ ಕಲಿಸಿದವರೂ ಅವರೇ. ನಾನು ಒಂದು ಪ್ಯಾದೆಯನ್ನೂ ಕಳೆದುಕೊಳ್ಳದೆ ಆಡಲು ಹೋದರೆ ಬೈಯುತ್ತಿದ್ದರು: "ಪ್ಯಾದೆ ಕೊಡಾಕ ಯಾಕ ಅಳ್ತೀಯೋ? ಕೊಟ್ಟ ನೋಡು, ದಾರಿ ಬಿಡತೈತಿ."

ಊರಿನ ಚೆಸ್ ಕ್ಲಬ್ಬಿನಲ್ಲಿ ಹೆಂಗಸರಿರಲಿಲ್ಲ. ಸದಸ್ಯರಾಗದೆ ಜಿಲ್ಲಾ ಪಂದ್ಯಕ್ಕೆ ಹೋಗುವಂತಿರಲಿಲ್ಲ. ಎಂಬತ್ತರ ದಶಕದ ಕೊನೆಗೆ ನರ್ಸಬಾಯಿ ಅರ್ಜಿ ಬರೆದೇಬಿಟ್ಟರು. ಹೆಸರು ಸೂಚಿಸುವ ಸದಸ್ಯ ವಾರ್ಷಿಕ ಸಭೆಯಲ್ಲಿ ಖುದ್ದಾಗಿ ಇರಬೇಕೆಂಬುದು ನಿಯಮ. ಸೂಚಿಸುವವನು ನಾನು, ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಸಭೆ ಸಂಜೆ ಐದಕ್ಕೆ. ತಪ್ಪಿದರೆ ಮತ್ತೆ ಒಂದು ವರ್ಷ.

ರೈಲು ಚಿಕ್ಕೋಡಿ ರೋಡ್ ಸ್ಟೇಶನ್ನಿಗೆ ತಡವಾಗಿ ಬಂತು. ಹೆಸರು ನಂಬಿ ಅಲ್ಲಿ ಇಳಿದ ಪರಸ್ಥಳದವರು ಊರೆಲ್ಲಿ ಎಂದು ಸುತ್ತ ನೋಡುತ್ತಾರೆ. ಊರು ಹರದಾರಿಗಟ್ಟಲೆ ದೂರ. ಬಸ್ಸು ಹೋಗಿಬಿಟ್ಟಿತ್ತು. ಹೊರಗೆ ನರ್ಸಬಾಯಿ ತಮ್ಮ ಲೂನಾ ಮೊಪೆಡ್ ಹಿಡಿದು ನಿಂತಿದ್ದರು.

"ನಾ ಹೊಡೀತೀನ್ರಿ," ಅಂದೆ.

"ನೀ ಪ್ಯಾದೆ ಕೊಡಾಕ ಅಂಜಾವ. ಹಿಂದ ಕುಂಡ್ರು. ನನ್ನ ಬ್ಯಾಗ ಹಿಡಿ."

ದಾರಿಯಲ್ಲಿ ಕರೋಶಿಯ ಚಹಾದಂಗಡಿಯಿಂದ ಒಬ್ಬ ಕೂಗಿದ: "ಏ ಬಾಯಾರ, ಎಲ್ಲಿಂದ ಹೊತ್ಕೊಂಡ ಬಂದ್ರಿ ಈ ಗಂಡಸನ್ನ?"

"ಹುಟ್ಟಿದಾಗ ನಿನ್ನೂ ಹೊತ್ತೀನಿ. ಇಂವಾ ನಿನಗಿಂತ ಹಗರ ಅದಾನ!"

ಮುಂದೆ ಒಂದು ಏರು. ಕಬ್ಬು ಹೇರಿದ ಟ್ರ್ಯಾಕ್ಟರ್ ಏದುಸಿರು ಬಿಡುತ್ತ ನಮ್ಮ ಮುಂದೆ ಹತ್ತುತ್ತಿತ್ತು. ನಮ್ಮ ಹಿಂದೆ ಕಬ್ಬು ಕಡಿಯುವವರ ಚಕ್ಕಡಿ, ಅದರ ತುಂಬ ಹೆಂಗಸರು, ಕೂಸುಗಳು. ಫಟ್ ಎಂದು ಸಪ್ಪಳವಾಯಿತು. ಟ್ರೇಲರನ್ನು ಕೂಡಿಸಿದ್ದ ಪಿನ್ನು ಮುರಿದಿತ್ತು. ಟ್ರೇಲರ್ ಒಂದು ಕ್ಷಣ ನಿಂತು, ಮೆಲ್ಲಗೆ ಹಿಂದಕ್ಕೆ ಉರುಳತೊಡಗಿತು.

ಆ ಸಪ್ಪಳ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ನಾನು ಜಿಗಿದು, ಬ್ಯಾಗನ್ನು ಎದೆಗೆ ಅವಚಿಕೊಂಡು ರಸ್ತೆಬದಿಯಲ್ಲಿ ನಿಂತುಬಿಟ್ಟೆ. ನರ್ಸಬಾಯಿ ಲೂನಾವನ್ನು ನೂಕುತ್ತ ಟ್ರೇಲರಿನ ಕಡೆಗೇ ಓಡಿದರು. ಲೂನಾವನ್ನು ಅದರ ಗಾಲಿಗೆ ಅಡ್ಡ ಕೆಡವಿ ಹೊರಕ್ಕೆ ಹಾರಿದರು. ಕಬ್ಬಿಣ ಕರಕರ ಅಂದಿತು. ಟ್ರೇಲರ್ ಸೊಟ್ಟಗೆ ಹೊರಳಿ, ಗಟಾರಕ್ಕೆ ಇಳಿದು, ಕಬ್ಬು ಚೆಲ್ಲಿ ನಿಂತಿತು. ಅಲ್ಲಿಂದ ಚಕ್ಕಡಿಗೆ ನಾಲ್ಕೇ ಮಾರು.

ಡ್ರೈವರ್ ಅಳುತ್ತ ಓಡಿಬಂದ. "ದೇವರು ಬಂದಂಗ ಬಂದ್ರಿ, ಬಾಯಾರ!"

ನರ್ಸಬಾಯಿ ಅಂಗೈ ತಿರುವಿ ಗಡಿಯಾರ ನೋಡಿದರು. "ದೇವರಿಗೆ ಐದಕ್ಕ ಮೀಟಿಂಗ್ ಐತಿ. ಮುಟ್ಟಸ್ತೀಯೇನು?"

ಜೊತೆಗಾರನನ್ನು ಕಬ್ಬಿಗೆ ಕಾವಲಿಟ್ಟು ಅವನು ಬರಿ ಟ್ರ್ಯಾಕ್ಟರ್ ಓಡಿಸಿದ. ಒಂದು ಮಡ್‌ಗಾರ್ಡ್ ಮೇಲೆ ಅವರು, ಇನ್ನೊಂದರ ಮೇಲೆ ನಾನು. ಬ್ಯಾಗು ಇನ್ನೂ ನನ್ನ ಎದೆಗೇ ಇತ್ತು.

"ನಾ ಏನೂ ಮಾಡಲಿಲ್ಲರಿ," ಅಂದೆ.

"ಬ್ಯಾಗ ಬಿಡಲಿಲ್ಲಲ್ಲ? ಅರ್ಜಿ ಅದರಾಗ ಐತಿ."

ಸಭೆ ಆಗಷ್ಟೇ ಶುರುವಾಗಿತ್ತು. ನಾನು ಎದ್ದು ಹೆಸರು ಸೂಚಿಸಿದೆ. ಅಧ್ಯಕ್ಷರು ನರ್ಸಬಾಯಿಯ ಮಣ್ಣಾದ ಸೀರೆ ನೋಡಿ ಗಂಟಲು ಸರಿಮಾಡಿಕೊಂಡರು. "ಹೆಂಗಸರು ಬಂದ್ರ ನಮ್ಮ ಮಾತು-ಕತಿ ಕೆಡತಾವ್ರಿ."

"ಮಾತಾಡಾಕ ಯಾರ ಬಂದಾರ್ರಿ? ನಿಮ್ಮನ್ನ ಸೋಲಿಸಾಕ ಬಂದೀನಿ."

ಸಭೆಯೆಲ್ಲ ನಕ್ಕಿತು. ಒಂದೊಂದಾಗಿ ಕೈಗಳು ಎದ್ದವು. ಬಾಗಿಲಲ್ಲಿ ನಿಂತಿದ್ದ ಟ್ರ್ಯಾಕ್ಟರ್ ಡ್ರೈವರನೂ ಎರಡೂ ಕೈ ಎತ್ತಿದ್ದ. ಕಡೆಗೆ ಎದ್ದದ್ದು ಅಧ್ಯಕ್ಷರ ಕೈ. ಮುಂದೆ ಜಿಲ್ಲಾ ಪಂದ್ಯದಲ್ಲಿ ಕಪ್ ಗೆದ್ದು ತಂದಾಗ ನರ್ಸಬಾಯಿ ಅದನ್ನು ಅಧ್ಯಕ್ಷರ ಟೇಬಲ್ ಮೇಲೆಯೇ ಇಟ್ಟರು.

ನರ್ಸಬಾಯಿ ತೀರಿಕೊಂಡ ಮೇಲೆ ಅವರ ಚದುರಂಗದ ಡಬ್ಬಿ ನನಗೆ ಬಂತು. ಒಂದು ಕರಿ ಪ್ಯಾದೆಯ ಜಾಗದಲ್ಲಿ ಲೂನಾದ ನಟ್ಟು ಇತ್ತು. ಅಂದು ಆ ಏರಿನಲ್ಲಿ ಅವರು ಹೆಕ್ಕಿಕೊಂಡದ್ದು. ಈಗ ಕ್ಲಬ್ಬಿನಲ್ಲಿ ಅದೇ ಕಾಯಿಗಳಿಂದ ಆಡುತ್ತೇನೆ. ಉಳಿದ ಯಾವ ಪ್ಯಾದೆಯನ್ನಾದರೂ ಬಿಟ್ಟುಕೊಡುತ್ತೇನೆ. ಅದೊಂದನ್ನು ಕೊಡಲು ಕೈ ಬರುವುದಿಲ್ಲ. ಅದನ್ನು ಉಳಿಸಲು ಹೋಗಿ ಆಟ ಸೋಲುತ್ತೇನೆ. ಬೈಯಲು ಅವರಿಲ್ಲ.